ತೂಕದ ಮಷೀನಾ, ತೋಳಿನ ಟೇಪಾ?

ನವಲಗುಂದ ಕಡೆಯ ಮೂರು ವರ್ಷದ ಹುಡುಗಿ. ಕಿಡ್ನಿಯಲ್ಲಿ ಗಡ್ಡೆ. ದಾಖಲಾದ ದಿನ ತೂಕ 12.4 ಕೆಜಿ ಇತ್ತು. ಆ ವಯಸ್ಸಿಗೆ ಪರವಾಗಿಲ್ಲ ಅನ್ನಿಸುವ ತೂಕ. ನಾನೂ ಹಾಗೇ ಬರೆದೆ. ಆಪರೇಷನ್ ಆದ ಮೇಲೆ ಅದೇ ಮಷೀನು 11.2 ತೋರಿಸಿತು. ಅಷ್ಟು ದಿನ ನಾವು ಮಗುವಿನ ಜೊತೆ ಗಡ್ಡೆಯನ್ನೂ ತೂಗುತ್ತಿದ್ದೆವು. ಅವಳ ತೋಳಿನ ಸುತ್ತಳತೆ ಮೊದಲ ದಿನವೇ 12.1 ಸೆಂ.ಮೀ. ಇತ್ತು. ಫೈಲಿನಲ್ಲಿ ಬರೆದಿದ್ದರೂ ನಾನು ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಆ ತಪ್ಪು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನಾನು ಡಯಟಿಷಿಯನ್. ಮಗು ಸೊರಗುತ್ತಿದೆಯಾ ಅಂತ ತಿಳಿಯಲು ತೂಕ, ಟೇಪ್, ಕ್ಯಾಲಿಪರ್ (ಚರ್ಮದ ಮಡಿಕೆ ಹಿಡಿದು ದಪ್ಪ ಅಳೆಯುವ ಇಕ್ಕಳ), ರಕ್ತಪರೀಕ್ಷೆ, ತಾಯಂದಿರ ಮಾತು ಎಲ್ಲವನ್ನೂ ವರ್ಷಗಟ್ಟಲೆ ಬಳಸಿ ನೋಡಿದ್ದೇನೆ. ಒಂದನ್ನೇ ಇಟ್ಟುಕೋ ಅಂದರೆ ಟೇಪನ್ನೇ ಇಟ್ಟುಕೊಳ್ಳುತ್ತೇನೆ.

ತೂಕ ಬೇಡ ಅಂತಲ್ಲ. ಕಿಮೋ ಡೋಸ್ ಲೆಕ್ಕ ಹಾಕಲು ತೂಕ, ಎತ್ತರ ಎರಡೂ ಬೇಕೇ ಬೇಕು. ಆದರೆ ಡ್ರಿಪ್ ಏರಿಸಿದ ಮೇಲೆ ತೂಗಿದರೆ ನೀರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಬೆಳಿಗ್ಗೆ ಎದ್ದು ಉಚ್ಚೆ ಮಾಡಿಸಿ, ಡ್ರಿಪ್ ಹಚ್ಚುವ ಮೊದಲು, ತೆಳು ಬಟ್ಟೆಯಲ್ಲಿ ತೂಗುತ್ತೇವೆ.

ಟೇಪ್ ವಿಷಯಕ್ಕೆ ಬರೋಣ. ಅಂಗನವಾಡಿಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ನೋಡಿರುತ್ತೀರಿ, ಅಲ್ವಾ? ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, 11.5ರಿಂದ 12.5ರೊಳಗೆ ಹಳದಿ. ನವಲಗುಂದದ ಹುಡುಗಿ ಹಳದಿಯಲ್ಲಿದ್ದಳು. ಹೊಟ್ಟೆಯಲ್ಲಿ ಎಷ್ಟೇ ದೊಡ್ಡ ಗಡ್ಡೆ ಇದ್ದರೂ ತೋಳು ದಪ್ಪ ಆಗುವುದಿಲ್ಲ. ಟೇಪಿನ ದೊಡ್ಡ ಗುಣ ಇದೇ. ಐದು ದಾಟಿದ ಮಕ್ಕಳಿಗೆ ಆ ಬಣ್ಣಗಳ ಲೆಕ್ಕ ಹಿಡಿಯುವುದಿಲ್ಲ. ಅವರಿಗೆ ಹೋದ ತಿಂಗಳ ಅಳತೆಯನ್ನೇ ಈ ತಿಂಗಳಿಗೆ ಹೋಲಿಸುತ್ತೇನೆ.

ಅಳೆಯುವ ರೀತಿ ಮಾತ್ರ ಸರಿ ಇರಬೇಕು. ಎಡಗೈ ಮೊಣಕೈ ಮಡಚಿ, ಭುಜದ ಎಲುಬಿನ ತುದಿಯಿಂದ ಮೊಣಕೈ ತುದಿಯವರೆಗಿನ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಮಾಡಬೇಕು. ಆಮೇಲೆ ಕೈ ಇಳಿಬಿಟ್ಟು ಆ ಗುರುತಿನ ಮೇಲೆ ಟೇಪ್ ಸುತ್ತಬೇಕು. ಚರ್ಮ ಒತ್ತಬಾರದು, ಸಡಿಲವೂ ಇರಬಾರದು. ಕಣ್ಣಳತೆಯಲ್ಲಿ ಸುಮ್ನೆ ಸುತ್ತಿದರೆ ಅರ್ಧ ಸೆಂಟಿಮೀಟರ್ ಆಚೀಚೆ ಆಗುತ್ತದೆ, ಮಕ್ಕಳ ತೋಳಿನಲ್ಲಿ ಅದೇನು ಕಡಿಮೆಯಲ್ಲ.

ಟೇಪಿಗೂ ಒಂದು ಕೊರತೆ ಇದೆ. ಕೊಬ್ಬು ಯಾವುದು, ಮಾಂಸ ಯಾವುದು ಅಂತ ಅದು ಹೇಳುವುದಿಲ್ಲ. ಇದು ಸರಿಯಾಗಿ ಅರ್ಥವಾಗಿದ್ದು ರೋಣದ ಆರು ವರ್ಷದ ಹುಡುಗನಿಂದ. ರಕ್ತದ ಕ್ಯಾನ್ಸರ್, ಮೊದಲ ತಿಂಗಳು ಸ್ಟೀರಾಯ್ಡ್ ನಡೆದಿತ್ತು. ಮುಖ ದುಂಡಗಾಗಿತ್ತು, ಹೊಟ್ಟೆ ಬಂದಿತ್ತು. ತೂಕ 16.2ರಿಂದ 17.8ಕ್ಕೆ ಏರಿತ್ತು. ಅವರವ್ವ ಎಷ್ಟು ಖುಷಿಯಿಂದ ಹೇಳಿದಳು: "ಮೇಡಂ, ನಮ್ಮ ಹುಡುಗ ಈಗ ಚಲೋ ಮೈ ಹಿಡಿದಾನ್ರೀ." ಟೇಪ್ ಹಚ್ಚಿದರೆ ತೋಳು 15.1ರಿಂದ 14.2ಕ್ಕೆ ಇಳಿದಿತ್ತು. ಕ್ಯಾಲಿಪರಿನಲ್ಲಿ ತೋಳಿನ ಹಿಂಭಾಗದ ಚರ್ಮದ ಮಡಿಕೆ ಹಿಡಿದೆ. 7 ಮಿ.ಮೀ. ಇದ್ದದ್ದು 9 ಆಗಿತ್ತು. ಮಡಿಕೆಯನ್ನು ಸೆಂಟಿಮೀಟರಿಗೆ ತಂದು, 3.14ರಿಂದ ಗುಣಿಸಿ ತೋಳಿನ ಸುತ್ತಳತೆಯಲ್ಲಿ ಕಳೆದರೆ ಮಾಂಸದ ಸುತ್ತಳತೆ ಸಿಗುತ್ತದೆ. ಮೊದಲು 12.9, ಈಗ 11.4. ಕೊಬ್ಬು ಏರಿತ್ತು, ಮಾಂಸ ಕರಗಿತ್ತು. ಮೆಟ್ಟಿಲು ಹತ್ತಲು ಅವನು ಅವ್ವನ ಸೆರಗು ಹಿಡಿಯುತ್ತಿದ್ದ. ಯಾಕೆ ಅಂತ ಆಗ ಗೊತ್ತಾಯಿತು.

ಹಾಗಾದರೆ ಕ್ಯಾಲಿಪರೇ ಮೇಲು ಅನ್ನಬಹುದು. ದಿನದ ಕೆಲಸಕ್ಕೆ ಅಲ್ಲ. ಒಬ್ಬೊಬ್ಬರು ಹಿಡಿದಾಗ ಒಂದೊಂದು ಅಂಕಿ ಬರುತ್ತದೆ, ಮೂರು ಸಲ ಹಿಡಿದು ಸರಾಸರಿ ತೆಗೆಯಬೇಕು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆಯಾದ ಮಗುವಿಗೆ ಚಿವುಟಿದರೆ ಚರ್ಮ ನೀಲಿಗಟ್ಟುತ್ತದೆ. ದಿನಾ ಸೂಜಿ ಚುಚ್ಚಿಸಿಕೊಳ್ಳುವ ಮಗುವಿಗೆ ಇನ್ನೊಂದು ನೋವು ಕೊಡಲು ನನ್ನ ಕೈ ಬರುವುದಿಲ್ಲ. ಸ್ಟೀರಾಯ್ಡ್ ನಡೆದಾಗ, ಪ್ಲೇಟ್‌ಲೆಟ್ ಸರಿ ಇದ್ದರೆ ಮಾತ್ರ ಹೊರತೆಗೆಯುತ್ತೇನೆ.

ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ (ಲಿವರ್ ತಯಾರಿಸುವ ಒಂದು ಪ್ರೋಟೀನ್) ಕಡಿಮೆ ಬಂದದ್ದು ನೋಡಿ ಹೆದರುವ ಪಾಲಕರು ಜಾಸ್ತಿ. ಸೋಂಕು ಬಂದರೂ ಅದು ಇಳಿಯುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಇಂಜೆಕ್ಷನ್ನಿನಿಂದಲೂ ಇಳಿಯುತ್ತದೆ, ಆಗ ಲಿವರ್ ಅದನ್ನು ತಯಾರಿಸುವುದೇ ಕಡಿಮೆ. ಊಟ ಸಾಲಲಿಲ್ಲ ಅಂತ ತಾಯಿಯನ್ನು ಬೈಯಲು ಆ ಅಂಕಿ ಬಳಸಬೇಡಿ. ಹೊಟ್ಟೆ ತುಂಬಿದೆಯಾ ಅಂತ ತಿಳಿಯಲು ನಾನಂತೂ ಅದನ್ನು ನಂಬುವುದಿಲ್ಲ.

ಇನ್ನು ತಾಯಿಯ ಮಾತು. ಕ್ಯಾನ್ಸರ್ ಮಕ್ಕಳ ಪೋಷಣೆ ತಿಳಿಯಲೆಂದೇ ಮಾಡಿದ 'ಸ್ಕ್ಯಾನ್' (SCAN) ಎಂಬ ಆರು ಪ್ರಶ್ನೆಗಳ ಪಟ್ಟಿ ಇದೆ, ಇದು ಮಷೀನಿನ ಸ್ಕ್ಯಾನ್ ಅಲ್ಲ. 3 ಅಂಕ ಅಥವಾ ಜಾಸ್ತಿ ಬಂದರೆ ಅಪಾಯ ಅಂತ ಲೆಕ್ಕ. ಐದು ನಿಮಿಷವೂ ಬೇಡ. ಆದರೆ "ಊಟ ಮಾಡ್ತಾನಾ?" ಅಂದರೆ ಎಲ್ಲರೂ "ಹೂಂ ರೀ" ಅನ್ನುತ್ತಾರೆ. "ನಿನ್ನೆ ಯಾವ ವಾಟಗದಲ್ಲಿ ಕೊಟ್ಟಿ, ಎಷ್ಟು ಉಳೀತು?" ಅಂದರೆ ನಿಜ ಹೊರಬರುತ್ತದೆ. ಬಾಯಿ ಹುಣ್ಣಾದ ಮಗುವಿಗೆ ಒಂದು ರೊಟ್ಟಿ ಕೊಟ್ಟಿರುತ್ತಾರೆ, ಅದು ಹಾಲಿನಲ್ಲಿ ನೆನೆಸಿದ ನಾಲ್ಕು ತುತ್ತು ತಿಂದಿರುತ್ತದೆ. ತೋಳು ಇಳಿಯುವ ಮೊದಲೇ ಈ ಮಾತಿನಲ್ಲಿ ಸುಳಿವು ಸಿಗುತ್ತದೆ. ಅದಕ್ಕೇ ಟೇಪಿನ ಪಕ್ಕ ನಾನು ಇಡುವುದು ಇದನ್ನೇ.

ರೋಣದ ಆ ತಾಯಿಗೆ ಹೊಲಿಗೆ ಬರುತ್ತದೆ. ತನ್ನ ಟೇಪನ್ನೇ ತಂದು ತೋರಿಸಿದಳು. ಇಂಚಿನ ಬದಿ ಬಿಟ್ಟು ಸೆಂಟಿಮೀಟರ್ ಬದಿ ಓದಲು, ನಡುಮಧ್ಯ ಗುರುತಿಸಲು ಕಲಿಸಿದೆ. ಹೆಸರುಬೇಳೆ ಹಾಕಿದ ನುಚ್ಚು, ತತ್ತಿ, ಶೇಂಗಾ ಉಂಡಿ ಎಷ್ಟೆಷ್ಟು ಅಂತ ಬರೆದುಕೊಟ್ಟೆ. ಈಗ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊನ್ನೆ ತೂಕದ ಸುದ್ದಿಯನ್ನೇ ಎತ್ತಲಿಲ್ಲ. "14.9 ಬಂದೈತ್ರೀ ಮೇಡಂ, ಎರಡು ಸಲ ಸುತ್ತಿ ನೋಡೇನ್ರೀ" ಅಂದಳು.