ಒಂದೇ ಮೇಜು, ಎರಡು ತೊಟ್ಟಿ: ಕಡಲ ಮೀನಿಗೆ ನಲ್ಲಿ ನೀರೋ, ಶುದ್ಧ ನೀರೋ

ಕಡಲ ಮೀನಿನ ತೊಟ್ಟಿಗೆ ನಲ್ಲಿ ನೀರು ಸಾಕೇ, ಶುದ್ಧೀಕರಿಸಿದ ನೀರೇ ಬೇಕೇ ಎಂದು ಯಾರಾದರೂ ಕೇಳಿದರೆ ಹಿಂದೆಲ್ಲ ನಾನು ಇನ್ನೊಬ್ಬರಿಂದ ಕೇಳಿದ್ದನ್ನೇ ಹೇಳುತ್ತಿದ್ದೆ. ಕೊನೆಗೆ 2023ರ ಅಕ್ಟೋಬರ್‌ನಿಂದ 2024ರ ಮೇ ಕೊನೆಯವರೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬೆಂಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಒಂದೇ ಮೇಜಿನ ಮೇಲೆ ಎರಡಡಿ ಉದ್ದದ ಎರಡು ಗಾಜಿನ ತೊಟ್ಟಿಗಳು. ಮರಳು, ಸೆರಾಮಿಕ್ ಕಲ್ಲು ಕಳೆದು ಒಂದೊಂದರಲ್ಲಿ ಸುಮಾರು 60 ಲೀಟರ್ ನೀರು. ಒಂದೇ ಚೀಲದ ಉಪ್ಪು, ಒಂದೇ ಬಗೆಯ ದೀಪ, ಒಂದೇ ಆಹಾರ. ಎರಡರಲ್ಲೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನ ಒಂದು ಜೋಡಿ, ಒಂದು ಕ್ಲೀನರ್ ಸೀಗಡಿ, ಮೂರು ಬಸವನಹುಳು. ಹವಳ ಇಡಲಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಅವು ಕಡಲಲ್ಲಿಯೇ ಇರಬೇಕಾದವು.

ಎಡಗಡೆಯ ತೊಟ್ಟಿಗೆ ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾರಿ ಸವೆಸಿ, ಕ್ಲೋರಿನ್ ಕುಡಿದು ನಮ್ಮ ಸಂಪಿಗೆ ಬರುವ ನೀರು. ಅದನ್ನು ಡ್ರಮ್ಮಿಗೆ ತುಂಬಿ, ಕ್ಲೋರಿನ್ ಮುರಿಯುವ ಸೋಡಿಯಂ ಥಯೋಸಲ್ಫೇಟ್ ಹನಿ ಹಾಕಿ, ಒಂದು ರಾತ್ರಿ ಗಾಳಿ ಪಂಪು ಓಡಿಸಿ, ಮಾರನೆಯ ದಿನ ಉಪ್ಪು ಬೆರೆಸುತ್ತಿದ್ದೆ. ಬಲಗಡೆಯದಕ್ಕೆ ಅದೇ ನಲ್ಲಿಯ ನೀರೇ, ಆದರೆ ನಾಲ್ಕು ಹಂತ ದಾಟಿ ಬಂದದ್ದು: ಕೆಸರು ತಡೆಯುವ ಫಿಲ್ಟರ್, ಕ್ಲೋರಿನ್ ಹೀರುವ ಇದ್ದಿಲು, ಆರ್‌ಒ ಪೊರೆ, ಕೊನೆಯಲ್ಲಿ ಅಳಿದುಳಿದ ಲವಣ ಹೀರುವ ಡಿಐ ರಾಳ. ಆರ್‌ಒ ಪೊರೆ ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ತಡೆಯುತ್ತದೆ. ಉಳಿದ ಅಯಾನುಗಳನ್ನು ರಾಳದ ಮಣಿಗಳು ಹಿಡಿದಿಟ್ಟುಕೊಂಡು, ಬದಲಿಗೆ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ಬಿಡುತ್ತವೆ. ಅವೆರಡೂ ಸೇರಿದರೆ ಮತ್ತೆ ನೀರೇ. ನೀರಿನಲ್ಲಿ ಕರಗಿದ್ದೆಲ್ಲ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ನನ್ನ ಟಿಡಿಎಸ್ ಮೀಟರಿನಲ್ಲಿ ನಲ್ಲಿ ನೀರು 220, ಪೊರೆ ದಾಟಿದ್ದು 10, ರಾಳ ದಾಟಿದ್ದು 0.

ಮನೆಯಲ್ಲಿ ಕುಡಿಯುವ ನೀರಿಗೆ ಆರ್‌ಒ ಯಂತ್ರ ಇದ್ದೇ ಇದೆಯಲ್ಲ, ಅದರ ನೀರು ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಇದನ್ನು ನಾನು ತುಂಬ ಬೆಲೆ ತೆತ್ತು ಕಲಿತೆ. ಕುಡಿಯಲು ರುಚಿ ಇರಲೆಂದು ಆ ಯಂತ್ರಗಳಲ್ಲಿ ಒಂದಿಷ್ಟು ಖನಿಜವನ್ನು ಮತ್ತೆ ಸೇರಿಸುತ್ತಾರೆ, ಇಲ್ಲವೇ ಪೊರೆ ದಾಟದ ನೀರನ್ನೇ ಸ್ವಲ್ಪ ಬೆರೆಸುತ್ತಾರೆ. ಅಷ್ಟಾದರೆ ಪರವಾಗಿಲ್ಲ. 2022ರಲ್ಲಿ ಅಮ್ಮನಿಗೆಂದು ತಂದ ಯಂತ್ರದಲ್ಲಿ ತಾಮ್ರದ ಸತ್ವ ಸೇರಿಸುವ ಒಂದು ಕೊಳವೆಯೂ ಇತ್ತು. ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯುವ ಮನೆ ನಮ್ಮದು, ಒಳ್ಳೆಯದೇ ಆಯಿತೆಂದುಕೊಂಡೆವು. ಆ ನೀರನ್ನು ಹಳೆಯ ತೊಟ್ಟಿಗೆ ಮೂರು ವಾರ ಹಾಕಿದೆ. ಎರಡು ಸೀಗಡಿಗಳು ಒಂದೇ ದಿನ ಸತ್ತವು, ಬಸವನಹುಳುಗಳು ಗಾಜು ಬಿಟ್ಟು ಕೆಳಗೆ ಬಿದ್ದವು. ಪರೀಕ್ಷಾ ಕಿಟ್ ತಂದು ನೋಡಿದಾಗ ಯಂತ್ರದಿಂದ ಬರುವ ನೀರಿನಲ್ಲಿ ತಾಮ್ರ ಲೀಟರಿಗೆ 0.25 ಮಿಲಿಗ್ರಾಂ ಇತ್ತು.

ನಮ್ಮ ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಪ್ರಕಾರ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೂ ಒಪ್ಪಬಹುದು. ಕಡಲ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಔಷಧಿಯಾಗಿ ಹಾಕುವ ತಾಮ್ರ 0.15ರಿಂದ 0.2. ಅಷ್ಟು ಹಾಕುವಾಗಲೇ ಸೀಗಡಿ, ಬಸವನಹುಳುಗಳನ್ನು ಬೇರೆ ತೊಟ್ಟಿಗೆ ಸಾಗಿಸಬೇಕು, ಇಲ್ಲದಿದ್ದರೆ ಸಾಯುತ್ತವೆ. ಮನುಷ್ಯ ನೆಮ್ಮದಿಯಿಂದ ಕುಡಿಯುವ ನೀರು ಬೆನ್ನೆಲುಬಿಲ್ಲದ ಕಡಲ ಜೀವಿಗೆ ವಿಷ. ಎಸಿಯಿಂದ ತೊಟ್ಟಿಕ್ಕುವ ನೀರು ಬಟ್ಟಿ ಇಳಿಸಿದಷ್ಟೇ ಶುದ್ಧ ಎಂದು ಹೇಳುವವರಿದ್ದಾರೆ. ಅದು ಇಳಿದು ಬರುವುದೂ ತಾಮ್ರದ ಸುರುಳಿಯ ಮೇಲಿನಿಂದಲೇ. ದಯವಿಟ್ಟು ಬೇಡ.

ಇನ್ನೆರಡು ದಾರಿಗಳನ್ನೂ ನೋಡಿ ಬಿಟ್ಟಿದ್ದೇನೆ. ಇಪ್ಪತ್ತು ಲೀಟರಿನ ಕ್ಯಾನ್ ನೀರಿನ ಟಿಡಿಎಸ್ ಒಂದು ವಾರ 40, ಇನ್ನೊಂದು ವಾರ 110. ಮಲ್ಪೆಯಲ್ಲಿ ಚಿಕ್ಕಮ್ಮನ ಮನೆಯಿದೆ, ಒಂದು ಜನವರಿಯಲ್ಲಿ ಅಲ್ಲಿಂದ ಕಡಲ ನೀರನ್ನೇ ತಂದೆ. ಮುಚ್ಚಿದ ಕ್ಯಾನಿನಲ್ಲಿ ನಾನೂರು ಕಿಲೋಮೀಟರ್ ಕುಲುಕಾಡಿ ಬಂದು, ಎರಡನೆಯ ದಿನಕ್ಕೆ ವಾಸನೆ ಹೊಡೆಯಿತು. ಕರಾವಳಿಯವರಿಗೆ ಅದು ಒಳ್ಳೆಯ ದಾರಿ, ಮಳೆಗಾಲದಲ್ಲಿ ಹೊಳೆಗಳು ತುಂಬಿ ಬಂದು ಕಡಲ ದಡದ ನೀರು ಸಪ್ಪೆಯಾಗುವ ತಿಂಗಳುಗಳನ್ನು ಬಿಟ್ಟು.

ಮೊದಲ ನಾಲ್ಕು ತಿಂಗಳು ನಲ್ಲಿ ನೀರೇ ಗೆದ್ದಂತೆ ಕಂಡಿತು. ಎಡಗಡೆಯ ಗಾಜಿಗೆ ಕಂದು ಬಣ್ಣದ ಡಯಾಟಮ್ ಪಾಚಿ ನಾಲ್ಕು ದಿನಕ್ಕೊಮ್ಮೆ ಕಟ್ಟುತ್ತಿತ್ತು, ಬಲಗಡೆಗೆ ಎರಡು ವಾರಕ್ಕೊಮ್ಮೆ. ಡಯಾಟಮ್‌ಗೆ ಚಿಪ್ಪು ಕಟ್ಟಲು ಬೇಕಾದ ಸಿಲಿಕಾ ನಲ್ಲಿ ನೀರಿನಲ್ಲಿ ಸಾಕಷ್ಟಿದೆ. ಆದರೆ ಗಾಜು ಒರೆಸುವುದು ಎಷ್ಟರ ಕೆಲಸ? ಮೀನುಗಳ ಹಸಿವು, ಬಣ್ಣ, ಚುರುಕು ಎರಡರಲ್ಲೂ ಒಂದೇ. ಅಷ್ಟೇ ಅಲ್ಲ, ಮೊದಲು ಮೊಟ್ಟೆ ಇಟ್ಟದ್ದು ನಲ್ಲಿ ನೀರಿನ ಜೋಡಿ. ಫೆಬ್ರವರಿಯ ಒಂದು ಸಂಜೆ ಹೂಕುಂಡದ ಚೂರಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು, ಪಕ್ಕದಲ್ಲಿ ರೆಕ್ಕೆಯಿಂದ ಗಾಳಿ ಬೀಸುತ್ತ ನಿಂತ ಗಂಡು. ರಾತ್ರಿ ಒಂದು ಗಂಟೆಯವರೆಗೆ ಅದರ ಮುಂದೆಯೇ ಕುಳಿತಿದ್ದೆ. ನಲ್ಲಿ ನೀರಿನಲ್ಲಿ ಕಡಲ ಮೀನು ಬಾಳುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಆವಿಯಲ್ಲಿ. ತೊಟ್ಟಿಯಿಂದ ದಿನಕ್ಕೆ ಸುಮಾರು 0.7 ಲೀಟರ್ ಆವಿಯಾಗುತ್ತಿತ್ತು. ಆರಿಹೋಗುವುದು ಬರಿಯ ನೀರು, ಅದರಲ್ಲಿದ್ದದ್ದೆಲ್ಲ ಹಿಂದೆ ಉಳಿಯುತ್ತದೆ. ಆ ಜಾಗಕ್ಕೆ ಉಪ್ಪಿಲ್ಲದ ನೀರು ಹಾಕುತ್ತಲೇ ಇರಬೇಕು. ಎಂಟು ತಿಂಗಳಿಗೆ ಲೆಕ್ಕ ಹಾಕಿದರೆ 170 ಲೀಟರ್, ತೊಟ್ಟಿಯ ನೀರಿನ ಸುಮಾರು ಮೂರು ಪಟ್ಟು. ಅಷ್ಟು ನಲ್ಲಿ ನೀರಿನಲ್ಲಿ ಕರಗಿರುವುದು 37 ಗ್ರಾಂ. 60 ಲೀಟರ್ ಕಡಲ ನೀರಿನಲ್ಲಿ ಉಪ್ಪೇ ಎರಡು ಕಿಲೋಗೂ ಹೆಚ್ಚು ಇರುವಾಗ ಈ 37 ಗ್ರಾಂ ಲೆಕ್ಕಕ್ಕೇ ಇಲ್ಲ. ಹೀಗಾಗಿ ಬರಿಯ ಟಿಡಿಎಸ್ ಸಂಖ್ಯೆ ಹಿಡಿದು ಹೆದರುವುದು ಸರಿಯಲ್ಲ. ನೋಡಬೇಕಾದದ್ದು ಆ 37 ಗ್ರಾಮಿನಲ್ಲಿ ಏನಿದೆ ಎಂಬುದನ್ನು. ನಲ್ಲಿ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 8 ಮಿಲಿಗ್ರಾಂ ಇದ್ದರೆ, ಮೇಲ್ತುಂಬುವ ನೀರಿನಿಂದಲೇ ಎಂಟು ತಿಂಗಳಲ್ಲಿ ತೊಟ್ಟಿಗೆ ಸೇರುವುದು ಲೀಟರಿಗೆ 23 ಮಿಲಿಗ್ರಾಂ. ಮೀನಿನ ಕಸದಿಂದ ಹುಟ್ಟುವ ನೈಟ್ರೇಟ್ ಬೇರೆ. ವಾರಕ್ಕೆ 6 ಲೀಟರ್ ನೀರು ಬದಲಿಸಿ ಅದನ್ನು ಕಡಿಮೆ ಮಾಡೋಣವೆಂದರೆ, ಬದಲಿಗೆ ಹಾಕುವ ನೀರಿನಲ್ಲೂ ಅದೇ 8.

ಆಮೇಲೆ 2024ರ ಮಾರ್ಚ್ ಬಂತು. ಬೆಂಗಳೂರಿನಲ್ಲಿದ್ದವರಿಗೆ ಆ ಬೇಸಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿದ ಕಾಲ. ನಮ್ಮ ಸಂಪಿಗೆ ಕಾವೇರಿ ಬರುವುದು ಕಡಿಮೆಯಾಗಿ, ಕೊಳವೆಬಾವಿಯಿಂದ ತರುವ ಟ್ಯಾಂಕರ್ ನೀರು ತುಂಬತೊಡಗಿತು. ನಲ್ಲಿ ಅದೇ, ನೀರು ಬೇರೆ. ಟಿಡಿಎಸ್ 220 ಇದ್ದದ್ದು 870ಕ್ಕೆ ಏರಿತು, ನೈಟ್ರೇಟ್ 40ಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ಇರುವ ಮಿತಿ 45, ಆದ್ದರಿಂದ ನೈಟ್ರೇಟಿನ ಮಟ್ಟಿಗೆ ಆ ನೀರು ನಮಗೆ ಕುಡಿಯಲು ಅಡ್ಡಿಯಿರಲಿಲ್ಲ. ಗಡಸುತನ ಎಷ್ಟಿತ್ತೆಂದರೆ ಉಪ್ಪು ಬೆರೆಸಿದ ಕೂಡಲೇ ಡ್ರಮ್ಮಿನಲ್ಲಿ ನೀರು ಸುಣ್ಣ ಕದಡಿದಂತೆ ಬೆಳ್ಳಗಾಗಿ, ತಳದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತಿತ್ತು. ಪಂಪಿನ ಬಾಯಿ ಎರಡು ಸಲ ಕಟ್ಟಿಕೊಂಡಿತು. ಐದು ವಾರಗಳಲ್ಲಿ ಎಡಗಡೆಯ ತೊಟ್ಟಿಯ ನೈಟ್ರೇಟ್ 15ರಿಂದ 40ಕ್ಕೆ ಹೋಯಿತು, ಕ್ಷಾರತೆಯೂ ವಾರದಿಂದ ವಾರಕ್ಕೆ ಜಿಗಿಯಿತು. ಏಪ್ರಿಲ್ ಹತ್ತರ ಬೆಳಗ್ಗೆ ಸೀಗಡಿ ಅರ್ಧ ಕಳಚಿದ ಪೊರೆಯೊಳಗೆ ಸತ್ತುಬಿದ್ದಿತ್ತು. ಅದೇ ವಾರ ಎರಡು ಬಸವನಹುಳುಗಳು ಹೋದವು. ಮೀನುಗಳಿಗೆ ಏನೂ ಆಗಲಿಲ್ಲ.

ಬಲಗಡೆಯ ತೊಟ್ಟಿಗೆ ಆ ಬೇಸಿಗೆ ಬಂದದ್ದೇ ಗೊತ್ತಾಗಲಿಲ್ಲ. ಸಂಪಿನಲ್ಲಿ ಯಾವ ನೀರಿದ್ದರೂ ರಾಳದ ಆಚೆ ಸೊನ್ನೆಯೇ. ಶುದ್ಧ ನೀರಿಗೆ ನಾನು ಕೊಡುವ ಬೆಲೆ ಮುಖ್ಯವಾಗಿ ಇದಕ್ಕೆ, ಇಂದು ಹಾಕಿದ್ದೂ ಮುಂದಿನ ತಿಂಗಳು ಹಾಕುವುದೂ ಒಂದೇ ಎಂಬ ಭರವಸೆಗೆ.

ಆ ಭರವಸೆ ಪುಕ್ಕಟೆ ಬರುವುದಿಲ್ಲ. ಬಿಡಿಭಾಗ ತಂದು ಜೋಡಿಸಿದ್ದಕ್ಕೆ, ಒತ್ತಡದ ಪಂಪೂ ಸೇರಿ, ನನಗೆ ಏಳೂವರೆ ಸಾವಿರ ರೂಪಾಯಿ ಆಯಿತು. ಟ್ಯಾಂಕರ್ ನೀರು ಬಂದ ಮೇಲೆ ರಾಳ ಮೂರು ಪಟ್ಟು ಬೇಗ ಮುಗಿಯಿತು. ಅಂತರ್ಜಲದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಆರ್‌ಒ ಪೊರೆಯನ್ನು ಸಲೀಸಾಗಿ ದಾಟಿಬಂದು ರಾಳವನ್ನು ತಿಂದುಹಾಕುತ್ತದೆ. ಇನ್ನೊಂದು ಎಚ್ಚರಿಕೆ: ರಾಳ ಸೋಲತೊಡಗಿದಾಗ ಮೊದಲು ಜಾರಿಬರುವುದು ಸಿಲಿಕಾ, ಅದು ಟಿಡಿಎಸ್ ಮೀಟರಿಗೆ ಕಾಣುವುದಿಲ್ಲ. ಮೀಟರ್ 0 ತೋರಿಸುತ್ತಿದ್ದರೂ ಗಾಜಿಗೆ ಕಂದು ಪಾಚಿ ಹೆಚ್ಚಾದರೆ ರಾಳ ಬದಲಿಸಿ. ಯಂತ್ರ ಕೆಲ ದಿನ ನಿಂತಿದ್ದರೆ ಮೊದಲ ಎರಡು ಮೂರು ಲೀಟರನ್ನು ರಾಳಕ್ಕೆ ಬಿಡದೆ ಹೊರಗೆ ಹರಿಸಿ, ರಾಳ ಹೆಚ್ಚು ದಿನ ಬರುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಪೋಲಾಗುವ ನೀರು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. ಬೀದಿಯ ಕೊನೆಯಲ್ಲಿ ಕೊಡ ಹಿಡಿದು ನಿಂತವರನ್ನು ನೋಡಿ ಬಂದು ಆ ಪೈಪನ್ನು ಮೋರಿಗೆ ಬಿಡಲು ಕೈ ಬರಲಿಲ್ಲ. ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ, ಬಟ್ಟೆಯನ್ನು ಮೊದಲ ಸಲ ಜಾಲಿಸಲು ಬಳಸಿದೆವು. ಕಾವೇರಿ ನೀರಿನದಾದರೆ ಗಿಡಕ್ಕೂ ಆಗುತ್ತದೆ, ಟ್ಯಾಂಕರ್ ನೀರಿನದನ್ನು ಹಾಕಿದ ತುಳಸಿಯ ಎಲೆಯಂಚು ಸುಟ್ಟಿತು. ಹೊರಬರುವ ನೀರನ್ನು ಹಿಡಿದು ಬಳಸುವ ಏರ್ಪಾಡು ಮಾಡಿಕೊಳ್ಳಲಾಗದವರು ಈ ಯಂತ್ರ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಮೀನು ಮಾತ್ರ ಸಾಕುವವರಿಗೆ, ವರ್ಷವಿಡೀ ಕಾವೇರಿಯೇ ಬರುವ ಮನೆಯಾದರೆ, ನಲ್ಲಿ ನೀರು ಸಾಕು. ತಿಂಗಳಿಗೊಮ್ಮೆ ನಲ್ಲಿಯ ನೀರನ್ನೇ ಪರೀಕ್ಷಿಸಿ, ತೊಟ್ಟಿಯದನ್ನು ಮಾತ್ರವಲ್ಲ. ಸೀಗಡಿ, ಬಸವನಹುಳು ಇದ್ದರೆ ಆರ್‌ಒ ಜೊತೆಗೆ ಡಿಐ ಬೇಕು. ಹಣ ಅಥವಾ ನೀರು ಮಿತವಾಗಿದ್ದರೆ ಮೊದಲ ಸಲ ತೊಟ್ಟಿ ತುಂಬಲು ಒಳ್ಳೆಯ ನಲ್ಲಿ ನೀರು ಬಳಸಿ, ದಿನವೂ ಮೇಲ್ತುಂಬುವುದಕ್ಕೆ ಶುದ್ಧ ನೀರು ಉಳಿಸಿಕೊಳ್ಳಿ. ದಿನಕ್ಕೆ ಒಂದು ಲೀಟರೂ ಬೇಡ.

ನಾನು ಜೂನ್‌ನಿಂದ ಎಡಗಡೆಯ ತೊಟ್ಟಿಗೂ ರಾಳ ದಾಟಿದ ನೀರನ್ನೇ ಹಾಕುತ್ತ ಬಂದೆ. ಸೀಗಡಿ ತರಲು ಮಾತ್ರ ಅವಸರ ಮಾಡಲಿಲ್ಲ. ನೈಟ್ರೇಟ್ 10ಕ್ಕಿಂತ ಕೆಳಗಿಳಿದು ಎರಡು ತಿಂಗಳು ಅಲ್ಲಿಯೇ ನಿಂತ ಮೇಲೆ, ಡಿಸೆಂಬರ್‌ನಲ್ಲಿ ಒಂದನ್ನು ತಂದು ಬಿಟ್ಟೆ. ಮಾರ್ಚ್ ಮುಗಿಯುವುದರೊಳಗೆ ಅದು ಮೂರು ಸಲ ಪೊರೆ ಕಳಚಿತ್ತು.