ರೈತರ ವಾಟ್ಸಾಪ್ ದೂರುಗಳಲ್ಲಿ ಹೊಸದನ್ನು ಗುರುತಿಸುವ ತಂತ್ರಾಂಶ: ಸಿಂಧನೂರಿನಿಂದ ಒಂದು ವಿಮರ್ಶೆ

ಸಿಂಧನೂರು, ಮಾನ್ವಿ ಭಾಗದಲ್ಲಿರುವ ನಮ್ಮ ಬೀಜ, ಗೊಬ್ಬರ, ಕೀಟನಾಶಕದ ಮಳಿಗೆಗಳಿಗೆ ರೈತರು ಕಳುಹಿಸುವ ವಾಟ್ಸಾಪ್ ಸಂದೇಶಗಳನ್ನು ಓದಿ, ಹೊಸದಾಗಿ ತಲೆಯೆತ್ತುತ್ತಿರುವ ದೂರುಗಳನ್ನು ತಾನಾಗಿಯೇ ಗುರುತಿಸುವ ತಂತ್ರಾಂಶವೊಂದನ್ನು ಈ ಮುಂಗಾರಿನಲ್ಲಿ ಬಳಸಿ ನೋಡಿದೆವು. ಇದು ಪ್ರತಿಯೊಂದು ಸಂದೇಶದ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬದಲಿಸಿ, ಅರ್ಥದಲ್ಲಿ ಹತ್ತಿರವಿರುವವುಗಳನ್ನು ಒಂದು ಗುಂಪಿಗೆ ಸೇರಿಸುತ್ತದೆ; ಹಳೆಯ ಯಾವ ಗುಂಪಿಗೂ ಹೊಂದದ ಸಂದೇಶಗಳು ಒಂದೆಡೆ ಕೂಡತೊಡಗಿದರೆ ಎಚ್ಚರಿಕೆ ಕೊಡುತ್ತದೆ. 2003ರಲ್ಲಿ ಬಂದ, ಒಟ್ಟಾಗಿ ಬರುವ ಪದಗಳಿಂದ ಬರಹಗಳ ವಿಷಯಗಳನ್ನು ಗುರುತಿಸುವ ಎಲ್‌ಡಿಎ ಎಂಬ ಹಳೆಯ ವಿಧಾನದಲ್ಲಿ ಎಷ್ಟು ವಿಷಯಗಳಿವೆಯೆಂದು ನಾವೇ ಮೊದಲು ಹೇಳಬೇಕಾಗಿದ್ದುದರಿಂದ, ಹೊಸ ದೂರು ಹಳೆಯದರಲ್ಲಿ ಕರಗಿಹೋಗುವ ಸಂಭವವಿತ್ತು.

ಪರೀಕ್ಷೆಗೆಂದು ಮೊದಲು 2021-22ರ ಸಂದೇಶಗಳನ್ನೇ ಕೊಟ್ಟೆವು. ಆ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣಗಳ ಜೊತೆಗೆ ನಮ್ಮ ಭಾಗದ ಮೆಣಸಿನಕಾಯಿಯನ್ನೂ ಕಪ್ಪು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಕಾಡಿತ್ತು. ಮಾಮೂಲಿ ಥ್ರಿಪ್ಸ್ ಎಲೆಯನ್ನು ಮುದುಡಿಸಿದರೆ, ಇದು ಮುಖ್ಯವಾಗಿ ಹೂವಿನೊಳಗೆ ಸೇರಿಕೊಂಡು ಹೂ ಉದುರಿಸುತ್ತದೆ. ‘ಹೂವಿನಾಗ ಕರೇ ಹುಳ ಅದಾವ್ರಿ’ ಎಂಬಂಥ ಸಂದೇಶಗಳನ್ನೂ, ಆಂಧ್ರದಿಂದ ಬಂದು ನೆಲೆಸಿದವರ ಊರುಗಳಾದ ಕ್ಯಾಂಪುಗಳ ರೈತರು ತೆಲುಗಿನಲ್ಲಿ ಬರೆದ ಅದೇ ದೂರನ್ನೂ ತಂತ್ರಾಂಶವು ಎಲೆ ಮುಟುರು ರೋಗದ ಗುಂಪಿನಿಂದ ಬಿಡಿಸಿ ಒಟ್ಟಿಗೆ ಇಟ್ಟಿತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಈ ವರ್ಷದ ಸಂದೇಶಗಳ ವಿಷಯದಲ್ಲಿ ಮಾತ್ರ ಅದು ಎಡವಿತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಕೂಡಲೇ ಭತ್ತದ ಬೀಜದ ವಿಚಾರಣೆ ಏರುವುದು ಇಲ್ಲಿ ಪ್ರತಿವರ್ಷದ ಸಂಗತಿ. ಅದನ್ನೂ ಕೆಂಪು ಬಣ್ಣದಲ್ಲಿ ‘ಹೊಸ ವಿಷಯ’ವೆಂದು ತೋರಿಸಿತು. ಏಕೆಂದರೆ ಅದು ಈ ವಾರವನ್ನು ಹಿಂದಿನ ಕೆಲವು ವಾರಗಳೊಂದಿಗೆ ಹೋಲಿಸುತ್ತದೆಯೇ ಹೊರತು ಹೋದ ವರ್ಷದ ಇದೇ ಹಂಗಾಮಿನೊಂದಿಗೆ ಅಲ್ಲ. ಬೇಸಾಯದ ವ್ಯಾಪಾರಿಗಳಿಗೆಂದೇ ಮಾರುವವರಿಗೆ ಇದು ಹೊಳೆಯದಿದ್ದುದು ಆಶ್ಚರ್ಯವೇ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. ಧ್ವನಿ ಸಂದೇಶಗಳ ಗೊಡವೆಗೆ ಹೋಗುವುದೇ ಇಲ್ಲ. ನಮ್ಮ ಹಿರಿಯ ರೈತರು ಹೆಚ್ಚಾಗಿ ಕಳುಹಿಸುವುದು ಅವನ್ನೇ.

ಒಂದೇ ಅಂಗಡಿ ನಡೆಸುವವರಿಗೆ ಇದರ ಅಗತ್ಯವಿಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಎಲ್ಲವೂ ಕಿವಿಗೆ ಬೀಳುತ್ತದೆ. ಹಲವು ಮಳಿಗೆಗಳಿದ್ದು, ಮಾನ್ವಿಯ ದೂರು ಸಿಂಧನೂರಿಗೆ ತಿಳಿಯದ ಸ್ಥಿತಿಯಿದ್ದರೆ ಕೊಳ್ಳಬಹುದು. ಆದರೆ ವಾರಕ್ಕೊಮ್ಮೆ ವರದಿ ಕೊಡುವ ಅಗ್ಗದ ಯೋಜನೆಯನ್ನು ಬಿಟ್ಟು, ಶುಲ್ಕ ಹೆಚ್ಚಾದರೂ ದಿನವಹಿ ಎಚ್ಚರಿಕೆಯ ಯೋಜನೆಯನ್ನೇ ಕೇಳಿ ಪಡೆಯಿರಿ.