ತಂಗಿಯ ಮದುವೆಗೆ ಯಾವ ಸೀರೆ: ಇಳಕಲ್, ಕಸೂತಿ ಅಥವಾ ಮೈಸೂರು ಸಿಲ್ಕ್?

ತಂಗಿಯ ಮದುವೆಗೆ ಹುಬ್ಬಳ್ಳಿಯಲ್ಲಿ ಸೀರೆ ತೆಗೆಯಬೇಕು, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಜೇಬಿಗೆ ಹಗುರ ಇಳಕಲ್. ಹತ್ತಿ ಒಡಲಿನದು ಸಾಕಷ್ಟು ಅಗ್ಗ, ಒಡಲೂ ಸೆರಗೂ ರೇಷ್ಮೆಯಾದರೆ ಬೆಲೆ ಏರುತ್ತದೆ. ಒಡಲಿನ ಹಾಸು ಎಳೆಗೂ (ಉದ್ದಕ್ಕೆ ಹೋಗುವ ಎಳೆ) ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ನೇಯುವುದೇ ಇದರ ಗುರುತು. ಆ ಕೊಂಡಿ ಇದೆಯೇ ಅಂತ ಸೆರಗು ಕೂಡುವ ಗೆರೆಯನ್ನು ಬೆರಳಲ್ಲಿ ಸವರಿ ನೋಡಿ. ಕೆಂಪು ಸೆರಗಿನ ಬಿಳಿ ತೋಪು ತೆನೆ ವಿನ್ಯಾಸಕ್ಕೆ ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಕುಬಸ ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ.

ಕಸೂತಿ ನಮ್ಮ ಧಾರವಾಡದ್ದೇ ಹೆಮ್ಮೆ. ಎಳೆ ಎಣಿಸಿ ಕೈಯಲ್ಲಿ ಹಾಕುವ ಕೆಲಸ, ಹಾಗಾಗಿ ಹೇಳಿ ಮಾಡಿಸುವುದಾದರೆ ತಿಂಗಳುಗಟ್ಟಲೆ ಮೊದಲೇ ಹೇಳಿ. ಗಂಟು ಹಾಕುವ ಪದ್ಧತಿಯಿಲ್ಲ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಸೀರೆ ತಿರುವಿ ಹಾಕಿ, ಹಿಂಬದಿಯಲ್ಲಿ ದಾರ ಗಿಜಿಗಿಜಿ ಇದ್ದರೆ ಅದು ಮಷಿನ್ ಕೆಲಸ ಇರಬಹುದು. ನಾನು ಒಮ್ಮೆ ತಿರುವದೇ ತಂದು ಮೋಸ ಹೋದೆ, ಇಂದಿಗೂ ಬೇಜಾರಿದೆ.

ಮೈಸೂರು ಸಿಲ್ಕ್ ಮೈಗೆ ನೀರಿನಂತೆ ಕೂರುತ್ತದೆ, ಆದರೆ ಖರ್ಚಿನದು. ಮನೆಯಲ್ಲಿ ಒಗೆಯಬೇಡಿ.

ಅರಿಶಿಣ, ಸುರಗಿ (ಮದುಮಕ್ಕಳಿಗೆ ನೀರೆರೆಯುವ ಶಾಸ್ತ್ರ) ಅಂತ ಓಡಾಡುವ ದಿನಕ್ಕೆ ಹತ್ತಿ ಇಳಕಲ್ ಉಡಿ. ಆರತಕ್ಷತೆಯ ದೀಪದ ಬೆಳಕಿಗೆ ಮೈಸೂರು ಸಿಲ್ಕ್ ಚಂದ. ಮಗಳಿಗೂ ಉಳಿಸಿ ಕೊಡುವ ಮನಸ್ಸಿದ್ದರೆ, ಸಮಯವೂ ಇದ್ದರೆ, ರೇಷ್ಮೆ ಇಳಕಲ್ ಮೇಲೆ ಗೋಪುರ, ತೇರು, ಆನೆಯ ಕಸೂತಿ ಹಾಕಿಸಿ.